ಗೋಡೆಗೆ ಬೇಕಿರುವುದು ಚಿತ್ರವೋ, ಕಾಗದವೋ? ಹಳೆಯ ಸಂಗೀತ ಉತ್ಸವದ ಪೋಸ್ಟರ್ ಕೊಳ್ಳುವ ಮುನ್ನ

ಕೆಂಪು ಹಿನ್ನೆಲೆ, ಗಿಟಾರಿನ ಕತ್ತು, ಅದರ ಮೇಲೊಂದು ಬಿಳಿ ಹಕ್ಕಿ. ಅಮೆರಿಕದಲ್ಲಿ 1969ರಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತ ಉತ್ಸವದ ಪೋಸ್ಟರ್ ಎಂದರೆ ತಕ್ಷಣ ಕಣ್ಣ ಮುಂದೆ ಬರುವುದು ಇದೇ. ಈಗ ಇದನ್ನು ಕೊಳ್ಳಲು ಹೊರಡಿ. ಒಬ್ಬ ಒಂದು ಪುಸ್ತಕದ ಬೆಲೆಗೆ ಕೊಡುತ್ತಾನೆ. ಇನ್ನೊಬ್ಬ ಅದರ ಹತ್ತು ಪಟ್ಟು ಕೇಳುತ್ತಾನೆ. ಮೂರನೆಯವನು ಹೇಳುವ ಬೆಲೆ ಕೇಳಿದರೆ ಇದರ ಬದಲು ಒಂದು ಸ್ಕೂಟರೇ ಬರುತ್ತಿತ್ತಲ್ಲ ಅನ್ನಿಸುತ್ತದೆ. ಫೋಟೋದಲ್ಲಿ ಮಾತ್ರ ಮೂರೂ ಒಂದೇ ಥರ ಕಾಣುತ್ತವೆ.

ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳುವವರಿಗೆ ನಾನು ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಕಿರುವುದು ಆ ಚಿತ್ರವೋ, ಆ ಕಾಗದವೋ? ಚಿತ್ರ ಬೇಕಾದರೆ ಅದನ್ನು ದಿನಾ ನೋಡುವ ಆಸೆ ಇರುತ್ತದೆ. ಅದು ದೊಡ್ಡದಾಗಿರಬೇಕು, ಬಣ್ಣ ಗಾಢವಾಗಿರಬೇಕು, ಬೆಳಕಿರುವ ಗೋಡೆಯಲ್ಲಿರಬೇಕು. ಕಾಗದ ಬೇಕಾದರೆ ವಿಷಯವೇ ಬೇರೆ. ಆ ವರ್ಷ ಆ ಊರಿನಲ್ಲಿ ಅಚ್ಚಾಗಿ ಯಾವುದೋ ಅಂಗಡಿಯ ಕಿಟಕಿಯಲ್ಲಿ ಅಂಟಿದ್ದ ಹಾಳೆ ನಮ್ಮ ಕೈಗೆ ಬಂದಿದೆ ಎನ್ನುವುದೇ ಅಲ್ಲಿನ ಖುಷಿ. ಈ ಎರಡು ಆಸೆಗಳು ಒಂದಕ್ಕೊಂದು ಹೊಂದುವುದಿಲ್ಲ. ಕಾಗದಕ್ಕೆ ಬೆಳಕೇ ಶತ್ರು.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ನಾನು ಮೊದಲು ಕೊಂಡ ಹಳೆಯ ಪೋಸ್ಟರಿನಲ್ಲಿ ಕಣ್ಣು ಕುಕ್ಕುವ ಫ್ಲೋರೆಸೆಂಟ್ ಕಿತ್ತಳೆ ಬಣ್ಣವಿತ್ತು. ಅದನ್ನು ಕಿಟಕಿಯ ಎದುರಿನ ಗೋಡೆಗೇ ಹಾಕಿದೆ. ಎಲ್ಲರಿಗೂ ಕಾಣಲಿ ಅಂತ. ಎರಡು ವರ್ಷದ ನಂತರ ಫ್ರೇಮ್ ಬದಲಿಸಲು ಬಿಚ್ಚಿದಾಗ, ಫ್ರೇಮಿನ ಅಂಚು ಮುಚ್ಚಿದ್ದ ಬೆರಳಗಲದ ಪಟ್ಟಿಯಲ್ಲಿ ಮಾತ್ರ ಆ ಕಿತ್ತಳೆ ಉಳಿದಿತ್ತು. ಮಿಕ್ಕಿದ್ದೆಲ್ಲ ತೊಳೆದ ಬಟ್ಟೆಯ ಬಣ್ಣ. ದಿನಾ ನೋಡುತ್ತಿದ್ದ ನನಗೆ ಅದು ಮಾಸಿದ್ದೇ ಗೊತ್ತಾಗಿರಲಿಲ್ಲ.

ಮೊದಲು ಅಳತೆಗೋಲು

ಬೆಲೆ ನೋಡುವ ಮೊದಲು ಗೋಡೆ ನೋಡಿ. ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಅಲ್ಲಿ ಎಷ್ಟು ಬೆಳಕು ಬೀಳುತ್ತದೆ? ಕಾಗದದ ಮೇಲಿನ ಕೃತಿಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಹಾಕಿಕೊಳ್ಳುತ್ತವೆ. ಅದು ಬಹಳ ಮಂದ ಬೆಳಕು. ಮನೆಯ ಕಿಟಕಿಯ ಪಕ್ಕ ಹಗಲಲ್ಲಿ ಸಾವಿರ ಲಕ್ಸ್ ಸುಲಭವಾಗಿ ದಾಟುತ್ತದೆ. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಷ್ಟೇನೂ ನಿಖರವಲ್ಲ. ಆದರೂ ಈ ಗೋಡೆಗೂ ಆ ಗೋಡೆಗೂ ಇರುವ ವ್ಯತ್ಯಾಸ ತಿಳಿಯಲು ಸಾಕು.

ಎರಡನೆಯದು ದೂರ. ನೀವು ಕೂರುವ ಜಾಗದಿಂದ ಗೋಡೆ ಎಷ್ಟು ದೂರ? ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣಕ್ಕೆ 1966ರಿಂದ ಅಚ್ಚಾದ ಪೋಸ್ಟರುಗಳು ಸುಮಾರು 14 ಇಂಚು ಅಗಲ, 20 ಇಂಚು ಎತ್ತರದವು. ಅವುಗಳ ಅಕ್ಷರಗಳೋ, ಕರಗಿದ ಮೇಣದ ಹಾಗೆ ಒಂದರೊಳಗೊಂದು ಹರಿದಿವೆ. ಆ ಪೋಸ್ಟರುಗಳ ಕಲಾವಿದರಲ್ಲೊಬ್ಬರಾದ ವೆಸ್ ವಿಲ್ಸನ್ ಆ ಅಕ್ಷರಗಳ ಜಾಡು ಹಿಡಿದದ್ದು ವಿಯೆನ್ನಾದ ಕಲಾವಿದ ಆಲ್ಫ್ರೆಡ್ ರೋಲರ್ ಅವರ ಅಕ್ಷರಶೈಲಿಯಿಂದ. ದಾರಿಯಲ್ಲಿ ಹೋಗುವವನು ನಿಂತು, ಹತ್ತಿರ ಬಂದು, ಒದ್ದಾಡಿ ಓದಬೇಕು ಎಂಬುದೇ ಆ ಆಟ. ಅಂಥದ್ದನ್ನು ಹನ್ನೆರಡು ಅಡಿ ದೂರದ ಸೋಫಾದಿಂದ ನೋಡಿದರೆ ಬರೀ ಬಣ್ಣದ ಮುದ್ದೆ. ಅದಕ್ಕೆ ಪ್ಯಾಸೇಜು, ಮೆಟ್ಟಿಲ ಪಕ್ಕ, ಓದುವ ಮೇಜಿನ ಮೇಲ್ಗಡೆ ಸರಿ. ವುಡ್‌ಸ್ಟಾಕ್ ಹಕ್ಕಿ ಹಾಗಲ್ಲ. 24 ಇಂಚು ಅಗಲ, 36 ಇಂಚು ಎತ್ತರದ ಹಾಳೆಯಲ್ಲಿ ಅದು ಕೋಣೆಯ ಆ ತುದಿಯಿಂದಲೂ ಹಕ್ಕಿಯಾಗಿಯೇ ಕಾಣುತ್ತದೆ.

ಮೂರನೆಯದು ಒಟ್ಟು ಖರ್ಚು. ಪೋಸ್ಟರ್ ಬೆಲೆಯಲ್ಲ, ಗೋಡೆಗೆ ಏರುವ ತನಕದ ಖರ್ಚು. ಒಳ್ಳೆಯ ಗಾಜು, ಆಮ್ಲರಹಿತ ಬೋರ್ಡು, ದೊಡ್ಡ ಫ್ರೇಮು ಸೇರಿದರೆ ಎಷ್ಟೋ ಸಲ ಪೋಸ್ಟರಿಗಿಂತ ಅದರ ಬಟ್ಟೆಯೇ ದುಬಾರಿ. ಅಳತೆ ವಿಚಿತ್ರವಾಗಿದ್ದರೆ ಇನ್ನೂ ಜಾಸ್ತಿ. 24x36 ಇಂಚು, 50x70 ಸೆಂಟಿಮೀಟರ್, 70x100 ಸೆಂಟಿಮೀಟರ್ ಅಳತೆಗೆ ಸಿದ್ಧ ಫ್ರೇಮುಗಳು ಸಿಗುತ್ತವೆ. ಉಳಿದದ್ದಕ್ಕೆ ಹೇಳಿ ಮಾಡಿಸಬೇಕು.

ನಾಲ್ಕನೆಯದು, ಮುಂದೊಂದು ದಿನ ಮಾರುವ ಯೋಚನೆ ಇದೆಯಾ? ಇಲ್ಲ ಎನ್ನುವುದಾದರೆ ನಿಮ್ಮ ಆಯ್ಕೆ ಎಷ್ಟೋ ಹಗುರ.

ಐದನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಈ ಪೋಸ್ಟರ್ ಮರುಮುದ್ರಣವನ್ನು ತಾಳಿಕೊಳ್ಳುತ್ತದಾ? ಕೆಲವು ತಾಳುತ್ತವೆ, ಕೆಲವು ಸಾಯುತ್ತವೆ. ವುಡ್‌ಸ್ಟಾಕ್ ಪೋಸ್ಟರನ್ನು ಆರ್ನಾಲ್ಡ್ ಸ್ಕೋಲ್ನಿಕ್ ಕಾಗದ ಕತ್ತರಿಸಿ ಮಾಡಿದರು. ಎಲ್ಲರೂ ಅದನ್ನು ಪಾರಿವಾಳ ಅನ್ನುತ್ತಾರೆ. ಅವರು ಮಾತ್ರ ತಾನು ನೋಡಿ ಬರೆಯುತ್ತಿದ್ದದ್ದು ಕ್ಯಾಟ್‌ಬರ್ಡ್ ಎಂಬ ಹಕ್ಕಿಯನ್ನು ಎನ್ನುತ್ತಿದ್ದರು. ಚಪ್ಪಟೆ ಬಣ್ಣ, ಚೂಪು ಅಂಚು. ಒಳ್ಳೆಯ ಮುದ್ರಣದಲ್ಲಿ ಅದರ ಸೊಗಸು ಬಹುಪಾಲು ಉಳಿಯುತ್ತದೆ. ಅದೇ 1967ರ ಜೂನ್ 16ರಿಂದ 18ರವರೆಗೆ ನಡೆದ ಮಾಂಟೆರೆ ಪಾಪ್ ಉತ್ಸವದ ಪೋಸ್ಟರನ್ನು ನೋಡಿ. ಟಾಮ್ ವಿಲ್ಕ್ಸ್ ಮಾಡಿದ್ದು. ಅದು ಅಚ್ಚಾದದ್ದು ಹೊಳೆಯುವ ಫಾಯಿಲ್ ಮೇಲೆ. ನೀವು ನಡೆದ ಹಾಗೆ ಬೆಳಕೂ ಅದರ ಮೇಲೆ ನಡೆಯುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಸಾದಾ ಕಾಗದದಲ್ಲಿ ಅಚ್ಚು ಹಾಕಿದರೆ ಹೊಳಪೆಲ್ಲ ಬೂದು ಬಣ್ಣ. ಡೇ-ಗ್ಲೋ ಶಾಯಿಯ ಕಥೆಯೂ ಅಷ್ಟೇ. ಮಾಮೂಲಿ ನಾಲ್ಕು ಬಣ್ಣದ ಮುದ್ರಣಕ್ಕೆ ಆ ಫ್ಲೋರೆಸೆಂಟ್ ಉರಿ ದಕ್ಕುವುದೇ ಇಲ್ಲ. ಹಾಗಾಗಿ "ಒರಿಜಿನಲ್ಲೋ ರೀಪ್ರಿಂಟೋ" ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಯಾವ ಪೋಸ್ಟರ್ ಎಂಬುದರ ಮೇಲೆ ಉತ್ತರ.

ಆ ಕಾಲದ ಮೊದಲ ಮುದ್ರಣ

ಇದರ ಆಕರ್ಷಣೆ ನಿಜವಾದದ್ದು, ಅಲ್ಲಗಳೆಯುವುದಿಲ್ಲ. ವುಡ್‌ಸ್ಟಾಕಿನದ್ದೇ ಒಂದು ಉದಾಹರಣೆ. ಸ್ಕೋಲ್ನಿಕ್ ಹಕ್ಕಿಗಿಂತ ಮೊದಲು ಡೇವಿಡ್ ಎಡ್ವರ್ಡ್ ಬರ್ಡ್ ಎಂಬ ಕಲಾವಿದ ಬೇರೊಂದು ಪೋಸ್ಟರ್ ಮಾಡಿದ್ದರು. ಹೂಜಿ ಹೊತ್ತ ಬೆತ್ತಲೆ ಹೆಣ್ಣು, ಸುತ್ತ ಹೂಬಳ್ಳಿ. ಅದರ ಮೇಲೆ ಊರಿನ ಹೆಸರು ವಾಲ್‌ಕಿಲ್ ಎಂದಿತ್ತು. ಆ ಊರಿನವರು 1969ರ ಜುಲೈನಲ್ಲಿ ಅನುಮತಿ ಕೊಡಲಿಲ್ಲ. ಉತ್ಸವ ಬೆಥೆಲ್‌ನ ಹೈನುಗಾರ ಮ್ಯಾಕ್ಸ್ ಯಾಸ್ಗರ್ ಅವರ ಜಮೀನಿಗೆ ಹೋಯಿತು. ತರಾತುರಿಯಲ್ಲಿ ಹೊಸ ಪೋಸ್ಟರ್ ಬೇಕಾಯಿತು. ಹಕ್ಕಿ ಬಂದದ್ದು ಹಾಗೆ. ನಡೆಯದೇ ಹೋದ ಜಾಗದ ಹೆಸರು ಹೊತ್ತ ಆ ಮೊದಲ ಹಾಳೆಯನ್ನು ಕೈಯಲ್ಲಿ ಹಿಡಿದರೆ ಆಗುವ ರೋಮಾಂಚನವನ್ನು ಯಾವ ಹೊಸ ಮುದ್ರಣವೂ ಕೊಡಲಾರದು.

ಆದರೆ ಇಲ್ಲಿ ಮೋಸ ಹೋಗುವುದು ತುಂಬಾ ಸುಲಭ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ಆ ಕಾಲದ ಎಷ್ಟೋ ಪೋಸ್ಟರುಗಳಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಶಾಯಿ ಕಲಸಿ, ಬೇರೆ ಬೇರೆ ಅಚ್ಚಿನಲ್ಲಿ ಒತ್ತುತ್ತಿದ್ದರು. ಕೆಂಪು ಜಾಗದಲ್ಲಿ ಭೂತಗನ್ನಡಿ ಇಟ್ಟರೆ ಬರೀ ಕೆಂಪು. ಅದೇ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿದ್ದರೆ ಆ ಕೆಂಪೇ ಗುಲಾಬಿ, ಹಳದಿ ಚುಕ್ಕೆಗಳ ಗುಂಪಾಗಿ ಒಡೆಯುತ್ತದೆ. ಅಕ್ಷರದ ಅಂಚುಗಳನ್ನೂ ನೋಡಿ. ಅಸಲಿಯಲ್ಲಿ ಚೂಪು, ನಕಲಿನಲ್ಲಿ ಚುಕ್ಕೆಗಳಿಂದಾಗಿ ಮಸುಕು. ಫೋಟೋ ಇರುವ ಪೋಸ್ಟರಿನಲ್ಲಿ ಅಸಲಿಯಲ್ಲೂ ಚುಕ್ಕೆಗಳಿರುತ್ತವೆ ಎನ್ನುವುದು ನೆನಪಿರಲಿ. ಚುಕ್ಕೆ ಇದೆಯೇ ಎಂಬುದಷ್ಟೇ ಅಲ್ಲ, ಚುಕ್ಕೆ ಇರಬಾರದ ಜಾಗದಲ್ಲಿ ಇದೆಯೇ ಎಂಬುದು ಪ್ರಶ್ನೆ.

ಅಳತೆಯೂ ಸುಳಿವು ಕೊಡುತ್ತದೆ. ಅಸಲಿಯ ಅಳತೆ ಗೊತ್ತಿರುವ ಪೋಸ್ಟರ್ ಅರ್ಧ ಇಂಚು ಚಿಕ್ಕದಿದ್ದರೆ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಅದು ಬೇರೆ ಮುದ್ರಣ. ನೇರಳಾತೀತ ಟಾರ್ಚ್ ಬಿಟ್ಟು ನೋಡಿ ಎಂಬ ಸಲಹೆಯನ್ನು ಬಹಳ ಜನ ಕೊಡುತ್ತಾರೆ. ಕಾಗದ ನೀಲಿಯಾಗಿ ಹೊಳೆದರೆ ಹೊಸದು ಎನ್ನುತ್ತಾರೆ. 1930ರ ದಶಕದ ಪೋಸ್ಟರಿಗೆ ಅದು ಸರಿ. ಕಾಗದವನ್ನು ಬೆಳ್ಳಗೆ ಮಾಡುವ ಆ ರಾಸಾಯನಿಕಗಳು 1950ರ ಸುಮಾರಿಗೇ ಬಳಕೆಗೆ ಬಂದಿದ್ದವು. ಹಾಗಾಗಿ 1969ರ ಅಸಲಿಯೂ ಹೊಳೆಯಬಹುದು. ಬರೀ ಟಾರ್ಚ್ ನಂಬಿ ತೀರ್ಪು ಕೊಡಬೇಡಿ.

ನಾನೂ ಒಮ್ಮೆ ಏಮಾರಿದ್ದೇನೆ. "ಅಸಲಿ" ಎಂದು ಒಬ್ಬ ಮಾರಾಟಗಾರ ಕೊಟ್ಟ ಹಾಳೆಗೆ ಹಳೆಯ ಮಡಿಕೆಯ ಗುರುತಿತ್ತು, ಹಳದಿ ಕಲೆಯಿತ್ತು, ಪಿನ್ನಿನ ತೂತೂ ಇತ್ತು. ಮನೆಗೆ ತಂದು ನೋಡಿದರೆ ಆ ಕಲೆ, ಆ ಮಡಿಕೆ ಎಲ್ಲ ಅಚ್ಚಾದದ್ದು! ಯಾರೋ ಅಸಲಿಯನ್ನು ಕಲೆಸಮೇತ ಸ್ಕ್ಯಾನ್ ಮಾಡಿದ್ದರು. ಬೆರಳಾಡಿಸಿ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಈಗ ಮೊದಲು ಹಿಂಬದಿ ತಿರುಗಿಸುತ್ತೇನೆ. ನಿಜವಾದ ಮಡಿಕೆ ಹಿಂದೆಯೂ ಇರುತ್ತದೆ.

ಅಂದ ಹಾಗೆ, ನಿಜವಾದ ಮಡಿಕೆ, ಪಿನ್ನಿನ ತೂತುಗಳಿಗೆ ಹೆದರಬೇಡಿ. ಪೋಸ್ಟರ್ ಹುಟ್ಟಿದ್ದೇ ಗೋಡೆಗೆ ಚುಚ್ಚಿಸಿಕೊಳ್ಳಲು. ಮೂಲೆಯ ತೂತಿನಿಂದ ಬೆಲೆ ಇಳಿದಿದ್ದರೆ ನಿಮಗೇ ಲಾಭ, ಫ್ರೇಮಿನೊಳಗೆ ಅದು ಯಾರಿಗೂ ಕಾಣುವುದಿಲ್ಲ. ಹೆದರಬೇಕಾದದ್ದು ಮೂರಕ್ಕೆ: ಅಂಚು ಕತ್ತರಿಸಿದ್ದು, ಬಣ್ಣ ಮಾಸಿದ್ದು, ಬಿಸಿ ಅಂಟಿನಿಂದ ರಟ್ಟಿಗೆ ಶಾಶ್ವತವಾಗಿ ಅಂಟಿಸಿದ್ದು. ಈ ಮೂರನ್ನೂ ವಾಪಸ್ ಸರಿಮಾಡಲು ಆಗುವುದಿಲ್ಲ. ಜಪಾನಿ ಕಾಗದ, ಗೋಧಿ ಹಿಟ್ಟಿನ ಗೋಂದು ಬಳಸಿ ಬಟ್ಟೆಯ ಮೇಲೆ ಕೂರಿಸುವ ಲಿನನ್ ಬ್ಯಾಕಿಂಗ್ ಬೇರೆ. ಅದನ್ನು ಬೇಕಾದರೆ ಬಿಡಿಸಬಹುದು. ಹಳೆಯ ದೊಡ್ಡ ಪೋಸ್ಟರುಗಳಿಗೆ ಅದು ಒಪ್ಪಿತ ಪದ್ಧತಿ.

ಮೊದಲ ಮುದ್ರಣ ಯಾರಿಗೆ? ನೆರಳಿನ ಗೋಡೆ ಇರುವವರಿಗೆ, ಕಾಗದದ ಮೋಹ ಇರುವವರಿಗೆ, ಫ್ರೇಮಿಗೂ ಕೈ ಬಿಚ್ಚಿ ಖರ್ಚು ಮಾಡುವವರಿಗೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ ಎನ್ನುತ್ತೇನೆ.

ಎರಡನೆಯ, ಮೂರನೆಯ ಮುದ್ರಣ

ಫಿಲ್ಮೋರ್ ಕಾರ್ಯಕ್ರಮಗಳನ್ನು ನಡೆಸುತ್ತಿದ್ದ ಬಿಲ್ ಗ್ರಹಾಂ ಅವರ ಪೋಸ್ಟರುಗಳಿಗೂ, ಅವಲಾನ್ ಸಭಾಂಗಣದ ಫ್ಯಾಮಿಲಿ ಡಾಗ್ ತಂಡದ ಪೋಸ್ಟರುಗಳಿಗೂ ಕ್ರಮಸಂಖ್ಯೆಗಳಿವೆ. ಸಂಗ್ರಾಹಕರು ಬಿ.ಜಿ. ಇಷ್ಟು, ಎಫ್.ಡಿ. ಇಷ್ಟು ಎಂದೇ ಮಾತಾಡುವುದು. ಜನ ಮುಗಿಬಿದ್ದದ್ದರಿಂದ ಎಷ್ಟೋ ಪೋಸ್ಟರುಗಳನ್ನು ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಅಚ್ಚು ಹಾಕಿದರು. ಮೊದಲ ಮುದ್ರಣಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಕಾಗದದ ದಪ್ಪ, ಅಳತೆ, ಅಂಚಿನ ಸಣ್ಣ ಅಕ್ಷರ, ಅಷ್ಟೇ. ಗೋಡೆಯಲ್ಲಿ ನೋಡುವವರಿಗೆ ವ್ಯತ್ಯಾಸ ಸೊನ್ನೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ನನ್ನನ್ನು ಕೇಳಿದರೆ ಗೋಡೆಗೆ ಹಾಕುವ ಉದ್ದೇಶಕ್ಕೆ ಇದು ಬಹಳ ಜಾಣತನದ ಆಯ್ಕೆ. ಆ ಕಾಲದ ಶಾಯಿ, ಆ ಕಾಲದ ಕೈಚಳಕ ಸಿಗುತ್ತದೆ. "ಮೊದಲನೆಯದು" ಎಂಬ ಒಂದು ಪದಕ್ಕೆ ಕೊಡುವ ದುಡ್ಡು ಉಳಿಯುತ್ತದೆ. ವಿಕ್ಟರ್ ಮೊಸ್ಕೊಸೊ ಅವರ ಪೋಸ್ಟರುಗಳಂಥವನ್ನು ಹೀಗೆಯೇ ಕೊಳ್ಳಬೇಕು. ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಾವಿದ ಜೋಸೆಫ್ ಆಲ್ಬರ್ಸ್ ಅವರ ಬಳಿ ಬಣ್ಣದ ಪಾಠ ಕಲಿತವರು ಅವರು. ಒಂದಕ್ಕೊಂದು ಎದುರಾಳಿಯಾದ ಗಾಢ ಬಣ್ಣಗಳನ್ನು ಪಕ್ಕ ಪಕ್ಕ ಇಟ್ಟು ಅಂಚು ನಡುಗುವ ಹಾಗೆ ಮಾಡುತ್ತಿದ್ದರು. ಆ ನಡುಕ ಬರುವುದು ಶುದ್ಧ ಶಾಯಿಯಿಂದ. ಚುಕ್ಕೆಗಳಲ್ಲಿ ಅದು ಅರ್ಧ ಸತ್ತಿರುತ್ತದೆ. ಅದನ್ನು ಟಿವಿಯ ಪಕ್ಕ ಮಾತ್ರ ಹಾಕಬೇಡಿ, ಕಣ್ಣು ಎರಡು ಕಡೆ ಎಳೆದಾಡುತ್ತದೆ.

ತೊಂದರೆ ಒಂದೇ. ಎರಡನೆಯ ಮುದ್ರಣವನ್ನು ಮೊದಲನೆಯದೆಂದು ಮಾರುವವರಿದ್ದಾರೆ. ಯಾವ ಮುದ್ರಣ ಎಂದು ಬರೆದು ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಚಿಕ್ಕದು, ಆದರೆ ಅಸಲಿ

ಅಸಲಿ ಬೇಕು, ದುಡ್ಡಿಲ್ಲ. ಇಂಥವರಿಗೆ ಹೆಚ್ಚಿನವರು ಹೇಳದ ದಾರಿಯೊಂದಿದೆ. ಫಿಲ್ಮೋರ್, ಅವಲಾನ್ ಪೋಸ್ಟರುಗಳ ಅದೇ ಚಿತ್ರವನ್ನು ಆಗ ಪೋಸ್ಟ್‌ಕಾರ್ಡುಗಳಾಗಿ, ಕೈಗೆ ಹಂಚುವ ಚಿಕ್ಕ ಹಾಳೆಗಳಾಗಿಯೂ ಅಚ್ಚು ಹಾಕುತ್ತಿದ್ದರು. ಅವೂ ಅದೇ ವರ್ಷದವು, ಅದೇ ಕಲಾವಿದರವು. ಅಂಥ ಮೂರು ಕಾರ್ಡುಗಳನ್ನು ಅಗಲ ಅಂಚಿನ ಒಂದೇ ಫ್ರೇಮಿನಲ್ಲಿ ಸಾಲಾಗಿ ಇಟ್ಟರೆ ನೋಡಲು ತುಂಬಾ ಚೆಂದ.

ವುಡ್‌ಸ್ಟಾಕಿನ ಟಿಕೆಟುಗಳೂ ಹಾಗೆಯೇ. ಮೂರು ದಿನಕ್ಕೆ ಮುಂಗಡವಾಗಿ 18 ಡಾಲರ್ ಎಂದು ಮಾರಿದ್ದರು. ಆದರೆ ಬೇಲಿ, ಗೇಟು ಮುಗಿಯುವ ಮೊದಲೇ ಜನಸಾಗರ ಒಳಗೆ ನುಗ್ಗಿತು. ಉತ್ಸವ ಪುಕ್ಕಟೆಯಾಯಿತು. ಟಿಕೆಟ್ ಹರಿಯುವವರೇ ಇರಲಿಲ್ಲ. ಹಾಗಾಗಿ ಬಳಸದ ಟಿಕೆಟುಗಳು ಇವತ್ತಿಗೂ ಸಾಕಷ್ಟು ಸಿಗುತ್ತವೆ. ನನಗೆ ಇಷ್ಟವಾದ ಜೋಡಿ ಇದು: ಹಕ್ಕಿಯ ಒಂದು ಒಳ್ಳೆಯ ಮರುಮುದ್ರಣ ದೊಡ್ಡದಾಗಿ ಗೋಡೆಗೆ, ಅದರ ಪಕ್ಕ ಚಿಕ್ಕ ಫ್ರೇಮಿನಲ್ಲಿ ಒಂದು ಅಸಲಿ ಟಿಕೆಟ್. ಚಿತ್ರವೂ ಸಿಕ್ಕಿತು, ಕಾಗದವೂ ಸಿಕ್ಕಿತು. ಆದರೆ ಟಿಕೆಟಿಗೂ ನಕಲಿಗಳಿವೆ. ಭೂತಗನ್ನಡಿ ಇಲ್ಲೂ ಬೇಕು.

ಕಲಾವಿದರೇ ಮಾಡಿದ, ಸಂಖ್ಯೆ ಹಾಕಿದ ಮುದ್ರಣ

ಕೆಲವು ಉತ್ಸವಗಳು ಪೋಸ್ಟರನ್ನು ಜಾಹೀರಾತಿಗಿಂತ ಕಲಾಕೃತಿಯಾಗಿಯೇ ಹೊರತಂದಿವೆ. 1967ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಮಾಂಟ್ರೂ ಜಾಝ್ ಉತ್ಸವ ವರ್ಷಕ್ಕೊಬ್ಬ ಕಲಾವಿದರಿಂದ ಮಾಡಿಸುತ್ತಾ ಬಂದಿದೆ. 1982ರಲ್ಲಿ ಜಾನ್ ಟಿಂಗೆಲಿ, 1983ರಲ್ಲಿ ಕೀತ್ ಹೇರಿಂಗ್, 1984ರಲ್ಲಿ ನಿಕಿ ದ ಸೇಂಟ್ ಫಾಲ್, 1986ರಲ್ಲಿ ಹೇರಿಂಗ್ ಜೊತೆ ಆ್ಯಂಡಿ ವಾರ್ಹೋಲ್. 1995ರದ್ದು ಡೇವಿಡ್ ಬೋವಿ ಮಾಡಿದ್ದು. ಹೌದು, ಹಾಡುಗಾರ ಬೋವಿಯೇ. ಹೇರಿಂಗ್ ಅವರ 1983ರ ಕುಣಿಯುವ ಗೊಂಬೆಗಳನ್ನು 70x100 ಸೆಂಟಿಮೀಟರ್ ಹಾಳೆಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದ್ದಾರೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಜಾಝ್ ಉತ್ಸವವೂ 1975ರಿಂದ ಸಂಖ್ಯೆ ಹಾಕಿದ ಸ್ಕ್ರೀನ್ ಪ್ರಿಂಟ್ ಪೋಸ್ಟರುಗಳನ್ನು ತರುತ್ತಿದೆ. ಬರೀ ಸಂಖ್ಯೆ ಇರುವುದು, ಕಲಾವಿದರ ಸಹಿ ಇರುವುದು, ಸಹಿಯ ಜೊತೆ ಅಂಚಿನಲ್ಲೊಂದು ಕೈಚಿತ್ರವೂ ಇರುವುದು, ಹೀಗೆ ಮೆಟ್ಟಿಲು ಏರಿದ ಹಾಗೆ ಬೆಲೆ ಏರುತ್ತದೆ.

ಸ್ಕ್ರೀನ್ ಪ್ರಿಂಟ್ ಎಂದರೆ ಬಣ್ಣ ಕಾಗದದ ಒಳಗೆ ಹೀರಿಕೊಂಡಿರುವುದಿಲ್ಲ, ಮೇಲೆ ಪದರವಾಗಿ ಕೂತಿರುತ್ತದೆ. ಓರೆಯಾಗಿ ಬೆಳಕು ಬಿಟ್ಟರೆ ಪದರದ ಅಂಚು ಕಾಣುತ್ತದೆ. ಗೋಡೆಯ ಮೇಲೆ ಇದಕ್ಕೊಂದು ಗತ್ತು. ದೂರದಿಂದ ಬಣ್ಣದ ಬಲ, ಹತ್ತಿರದಿಂದ ಶಾಯಿಯ ಮೈ. ಚಿತ್ರ ಬೇಕು ಎನ್ನುವವರಿಗೂ ಕಾಗದ ಬೇಕು ಎನ್ನುವವರಿಗೂ ಒಟ್ಟಿಗೆ ಸಮಾಧಾನ ಕೊಡುವ ಆಯ್ಕೆ ಇದೊಂದೇ ಎಂದು ನನ್ನ ಲೆಕ್ಕ. ಬಿಗಿಯಾಗಿ ಸುತ್ತಿ ವರ್ಷಗಟ್ಟಲೆ ಇಟ್ಟಿದ್ದರೆ ಶಾಯಿಯ ಪದರ ಬಿರುಕು ಬಿಟ್ಟಿರಬಹುದು, ನೋಡಿ ಕೊಳ್ಳಿ. ಹೇರಿಂಗ್, ವಾರ್ಹೋಲ್ ಹೆಸರಿದ್ದರೆ ಬೆಲೆ ಹಾರುತ್ತದೆ. ಅದೇ ಸಾಲಿನ, ಅಷ್ಟು ಹೆಸರಾಗದ ಕಲಾವಿದರ ವರ್ಷಗಳನ್ನು ನೋಡಿದರೆ ಎಷ್ಟೋ ಅಗ್ಗಕ್ಕೆ ಅಷ್ಟೇ ಒಳ್ಳೆಯ ಮುದ್ರಣ ಸಿಗುತ್ತದೆ. ಹೆಸರು ಬಿಟ್ಟು ಹಾಳೆ ನೋಡುವವರಿಗೆ ಅದೃಷ್ಟ ಇರುವುದು ಅಲ್ಲಿ.

ಇದರ ಪಕ್ಕದ ಮನೆಯಂಥ ಇನ್ನೊಂದು ಬಗೆ ಇದೆ. ನ್ಯಾಶ್‌ವಿಲ್ಲಿನ ಹ್ಯಾಚ್ ಶೋ ಪ್ರಿಂಟ್ 1879ರಿಂದ ಮರದ ಅಚ್ಚುಗಳಲ್ಲಿ ಪೋಸ್ಟರ್ ಒತ್ತುತ್ತಿದೆ. ಹಳೆಯ ಅಚ್ಚುಗಳಿಂದಲೇ ಇವತ್ತೂ ಹೊಸ ಪ್ರತಿಗಳನ್ನು ತೆಗೆಯುತ್ತಾರೆ. ಅಚ್ಚು ಹಳೆಯದು, ಕಾಗದ ಹೊಸದು. ಅದನ್ನು ಅಸಲಿ ಎನ್ನಬೇಕೋ ಮರುಮುದ್ರಣ ಎನ್ನಬೇಕೋ? ಸಂಗ್ರಾಹಕರು ಕಿತ್ತಾಡಿಕೊಳ್ಳಲಿ. ಬೆರಳಿಗೆ ಅಕ್ಷರದ ತಗ್ಗು ಸಿಗುತ್ತದೆ, ಬೆಲೆ ಕೈಗೆಟಕುತ್ತದೆ, ಮಾಸಿದರೆ ಇನ್ನೊಂದು ಸಿಗುತ್ತದೆ.

ಜಿಕ್ಲೇ ಮತ್ತು ಸಾದಾ ಮರುಮುದ್ರಣ

ಜಿಕ್ಲೇ ಎಂದರೆ ಕೇಳಲು ಭಾರಿ. ವಿಷಯ ಇಷ್ಟೇ: ಒಳ್ಳೆಯ ಇಂಕ್‌ಜೆಟ್ ಮುದ್ರಣ. 1990ರ ದಶಕದ ಆರಂಭದಲ್ಲಿ ಹುಟ್ಟಿದ ಹೆಸರು, ಚಿಮ್ಮಿಸುವುದು ಎನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಪಿಗ್ಮೆಂಟ್ ಶಾಯಿ (ಬಣ್ಣದ ನುಣ್ಣನೆ ಪುಡಿ ಬೆರೆಸಿದ್ದು), ಹತ್ತಿಯ ದಪ್ಪ ಕಾಗದ ಬಳಸಿದ್ದರೆ ಬಣ್ಣ ಹಳೆಯ ಅಸಲಿಗಿಂತ ಎಷ್ಟೋ ಜಾಸ್ತಿ ಕಾಲ ಬಾಳುತ್ತದೆ. ಬೆಳಕು ತುಂಬಿದ ಹಾಲ್ ಇರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕೊಳ್ಳುವಾಗ ಎರಡು ವಿಷಯ ಕೇಳಿ. ಶಾಯಿ ಪಿಗ್ಮೆಂಟೋ, ದ್ರವದಲ್ಲಿ ಬಣ್ಣ ಕರಗಿಸಿದ ಡೈಯೋ? ಮೂಲ ಸ್ಕ್ಯಾನ್ ಎಲ್ಲಿಯದು? ಉತ್ತರ ಬರದಿದ್ದರೆ ಹೆಸರಿಗಷ್ಟೇ ಜಿಕ್ಲೇ.

ಇನ್ನೊಂದು ಮಾತು. "500 ಪ್ರತಿಗಳಲ್ಲಿ 37ನೆಯದು" ಎಂದು ಪೆನ್ಸಿಲಿನಲ್ಲಿ ಬರೆದ ಜಿಕ್ಲೇಗಳಿರುತ್ತವೆ. ಕಲಾವಿದರೋ ಅವರ ಕುಟುಂಬದವರೋ ಒಪ್ಪಿ ಹೊರತಂದಿದ್ದರೆ ಆ ಸಂಖ್ಯೆಗೆ ಬೆಲೆ. ಯಾರೋ ಮುದ್ರಕ ತಾನೇ ಬರೆದುಕೊಂಡಿದ್ದರೆ ಅದು ಸುಮ್ನೆ ಒಂದು ಸಂಖ್ಯೆ. ಅದಕ್ಕೆ ಒಂದು ಪೈಸೆಯೂ ಹೆಚ್ಚಿಗೆ ಕೊಡಬೇಡಿ.

ಪುಸ್ತಕದ ಬೆಲೆಗೆ ಸಿಗುವ ತೆಳು ಪೋಸ್ಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾಸಿಗೆ ತಕ್ಕ ಕಜ್ಜಾಯ. ಬಾಡಿಗೆ ಮನೆ, ಹಾಸ್ಟೆಲ್, ಮಕ್ಕಳು ಚೆಂಡಾಡುವ ಕೋಣೆಗೆ ಇದಕ್ಕಿಂತ ಬೇರೆ ಬೇಡ. ಹಿಗ್ಗಿಸಿ ಅಚ್ಚು ಹಾಕಿದ್ದರೆ ಅಕ್ಷರದ ಅಂಚು ಹಲ್ಲುಹಲ್ಲಾಗಿರುತ್ತದೆ. ಅಷ್ಟು ನೋಡಿಕೊಂಡರೆ ಸಾಕು.

ನೀವೇ ಅಚ್ಚು ಹಾಕಿಸುವುದು

ಹಕ್ಕುಸ್ವಾಮ್ಯ ಇಲ್ಲದ ಹಳೆಯ ಪೋಸ್ಟರುಗಳನ್ನು ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1936ರಿಂದ 1943ರವರೆಗೆ ಸರ್ಕಾರದ ಉದ್ಯೋಗ ಯೋಜನೆಯಡಿ ಕಲಾವಿದರು ಮಾಡಿದ 900ಕ್ಕೂ ಹೆಚ್ಚು ಪೋಸ್ಟರುಗಳಿವೆ. ಅವುಗಳಲ್ಲಿ ಸಂಗೀತ ಕಾರ್ಯಕ್ರಮಗಳವೂ ಇವೆ. ಎರಡು ಮೂರು ಬಣ್ಣ, ದೊಡ್ಡ ಆಕಾರ, ಬಿಡಿ ಅಕ್ಷರ. ಅರವತ್ತರ ದಶಕದ ಬಣ್ಣದ ಗದ್ದಲ ಇಷ್ಟವಿಲ್ಲದವರಿಗೆ ಇವು ಹೇಳಿ ಮಾಡಿಸಿದ ಹಾಗಿವೆ. ಹೆಚ್ಚಿನವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನುವುದು ನನಗೆ ಆಶ್ಚರ್ಯ.

ಲೆಕ್ಕ ಸರಳ. 24x36 ಇಂಚಿಗೆ ಪ್ರತಿ ಇಂಚಿಗೆ 300 ಚುಕ್ಕೆಯಂತೆ 7,200x10,800 ಪಿಕ್ಸೆಲ್ ಬೇಕು. ಐದಾರು ಅಡಿ ದೂರದಿಂದ ನೋಡುವುದಾದರೆ ಅದರ ಅರ್ಧ, 3,600x5,400 ಸಾಕು. ಅದಕ್ಕಿಂತ ಚಿಕ್ಕ ಫೈಲಾದರೆ ಪೋಸ್ಟರನ್ನೇ ಚಿಕ್ಕದು ಮಾಡಿ. ಇನ್ನು ವುಡ್‌ಸ್ಟಾಕ್, ಫಿಲ್ಮೋರ್ ಚಿತ್ರಗಳನ್ನು ಹೀಗೆ ಇಳಿಸಿ ಮುದ್ರಿಸಲು ಹೋಗಬೇಡಿ. ಅವು ಇನ್ನೂ ಹಕ್ಕುಳ್ಳವರ ಸ್ವತ್ತು.

ಫ್ರೇಮಿನ ಮಾತು

ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ, ದುಬಾರಿ ಹಾಳೆ ಕೊಂಡು ಅಗ್ಗದ ಫ್ರೇಮ್ ಹಾಕಿಸುವವರನ್ನು ಬಹಳ ನೋಡಿದ್ದೇನೆ. ಅಸಲಿ ಕಾಗದಕ್ಕೆ ನಾಲ್ಕು ಬೇಕೇ ಬೇಕು. ಹಿಂದೆ ಆಮ್ಲರಹಿತ ಬೋರ್ಡು. ಗಾಜಿಗೂ ಕಾಗದಕ್ಕೂ ನಡುವೆ ಅಂತರ, ಇಲ್ಲದಿದ್ದರೆ ತೇವಕ್ಕೆ ಶಾಯಿ ಗಾಜಿಗೇ ಅಂಟುತ್ತದೆ. ಹಾಳೆಯನ್ನು ಮೇಲಿನಿಂದ ನೇತುಹಾಕುವ ಜಪಾನಿ ಕಾಗದದ ಪಟ್ಟಿ. ಟೇಪು, ಫೆವಿಕಾಲ್ ಏನೂ ಕೂಡದು. ಕೊನೆಗೆ ನೇರಳಾತೀತ ಕಿರಣ ತಡೆಯುವ ಗಾಜು. ಮ್ಯೂಸಿಯಂ ದರ್ಜೆಯದು ಶೇಕಡ 99ರಷ್ಟು ತಡೆಯುತ್ತದೆ. ಹಾಗಂತ ಬಿಸಿಲಿಗೆ ಹಾಕಬಹುದು ಎಂದಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ಅದನ್ನು ತಡೆದರೆ ಪೋಸ್ಟರೇ ಕಾಣುವುದಿಲ್ಲವಲ್ಲ.

ದೊಡ್ಡ ಅಳತೆಗೆ ಗಾಜಿನ ಬದಲು ಅಕ್ರಿಲಿಕ್ ಒಳ್ಳೆಯದು. ಹಗುರ, ಬಿದ್ದರೂ ಚೂರಾಗುವುದಿಲ್ಲ. ಬೇಗ ಗೀರು ಬೀಳುತ್ತದೆ, ಧೂಳು ಎಳೆಯುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಮರುಮುದ್ರಣಕ್ಕೆ ಈ ಯಾವ ಗೋಜೂ ಬೇಡ. ಸಿದ್ಧ ಫ್ರೇಮ್ ಸಾಕು, ರಟ್ಟಿಗೆ ಅಂಟಿಸಿದರೂ ತೊಂದರೆ ಇಲ್ಲ. ಎರಡು ದಾರಿಗಳ ಖರ್ಚಿನ ಅಂತರ ನಿಜವಾಗಿ ತಿಳಿಯುವುದು ಫ್ರೇಮಿನವನ ಬಿಲ್ಲು ಬಂದಾಗ.

ಹಾಗಾದರೆ ನೀವು?

ಕೈಯಲ್ಲಿ ಕಾಸು ಕಡಿಮೆ, ಮನೆ ಬದಲಿಸುತ್ತಲೇ ಇರುತ್ತೀರಿ. ಹಾಗಾದರೆ ತೆಳು ಪೋಸ್ಟರ್, ಅಥವಾ ಸ್ವಂತ ಮುದ್ರಣ. ಆಸೆ ತಡೆಯದಿದ್ದರೆ ಒಂದು ಅಸಲಿ ಪೋಸ್ಟ್‌ಕಾರ್ಡ್. ಮಧ್ಯಮ ಬಜೆಟ್ಟಿದ್ದು ಹಾಲ್ ತುಂಬಾ ಬಿಸಿಲಿದ್ದರೆ ಪಿಗ್ಮೆಂಟ್ ಶಾಯಿಯ ಜಿಕ್ಲೇ. ಅದೇ ಬಜೆಟ್ಟಿಗೆ ನೆರಳಿನ ಗೋಡೆ ಇದ್ದರೆ ಎರಡನೆಯ ಮುದ್ರಣ, ಇಲ್ಲವೇ ಹೆಸರಾಗದ ವರ್ಷದ ಮಾಂಟ್ರೂ ಸ್ಕ್ರೀನ್ ಪ್ರಿಂಟ್. ನಾನಾದರೆ ಆ ಸ್ಕ್ರೀನ್ ಪ್ರಿಂಟಿಗೇ ಕೈ ಹಾಕುತ್ತೇನೆ. ಫಾಯಿಲ್ ಇರುವುದು, ಡೇ-ಗ್ಲೋ ಇರುವುದು ಮನಸ್ಸಿಗೆ ಹಿಡಿದಿದ್ದರೆ ಮರುಮುದ್ರಣ ಬೇಡವೇ ಬೇಡ. ದುಡ್ಡು ಕೂಡುವ ತನಕ ಕಾಯಿರಿ. ಉಡುಗೊರೆಗಾದರೆ ಅವರು ಹುಟ್ಟಿದ ವರ್ಷದ ಉತ್ಸವದ ಪೋಸ್ಟರ್ ಹುಡುಕಿ. ಮೊದಲ ಮುದ್ರಣವನ್ನು ಉಡುಗೊರೆ ಕೊಡುವುದು ಬೇಡ. ಅವರ ಗೋಡೆಗೆ ಎಷ್ಟು ಬಿಸಿಲು ಬೀಳುತ್ತದೆ ಎನ್ನುವುದು ನಿಮಗೆ ಗೊತ್ತಿರುವುದಿಲ್ಲ.

ಯಾವುದನ್ನು ಆರಿಸಿದರೂ ದುಡ್ಡು ಕೊಡುವ ಮೊದಲು ಆ ದಿನದ ಪತ್ರಿಕೆಯ ಹಾಳೆಗಳನ್ನು ಜೋಡಿಸಿ, ಪೋಸ್ಟರಿನ ಅಳತೆಗೆ ಕತ್ತರಿಸಿ, ಆ ಜಾಗಕ್ಕೆ ಅಂಟಿಸಿ ನೋಡಿ. ಒಂದು ತಿಂಗಳು ಹಾಗೇ ಬಿಡಿ. ಅಳತೆ ಚಿಕ್ಕದಾಯಿತೋ ದೊಡ್ಡದಾಯಿತೋ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಹಾಳೆಯ ಒಂದು ಮೂಲೆ ಎತ್ತಿ, ಹೊಸ ಪತ್ರಿಕೆಯ ಪಕ್ಕ ಇಟ್ಟು ಹೋಲಿಸಿ. ಹಳದಿಗೆ ತಿರುಗಿದ್ದರೆ ಆ ಗೋಡೆಗೆ ಜಿಕ್ಲೇ ಸಾಕು.